ಮೃದುಭಾಷಿಣಿ ಭದ್ರಮ್ಮ

ಪುಸ್ತಕದಲ್ಲಿ ‘ಕೆಂಪು ಗುಲಾಬಿ’ ಅಂತಿತ್ತು, ‘ಬಿಳಿಯ ಹಂಸ’ ಅಂತಿತ್ತು. ಕೋಡಿಪಾಳ್ಯದ ಮೂರನೇ ಕ್ಲಾಸಿನ ಮಕ್ಕಳು ಹಂಸವನ್ನು ಕಂಡವರಲ್ಲ. ಗುಲಾಬಿ ಕಂಡಿದ್ದರೂ ಯಾರದೋ ಮದುವೆಯ ಹಾರದಲ್ಲಿ, ಬಾಡಿದ ಮೇಲೆ. ಅನುಸೂಯಮ್ಮ ಎರಡನ್ನೂ ಬೋರ್ಡಿನ ಮೇಲೆ ಬರೆದು, "ಇದರಲ್ಲಿ ಗುಣವಾಚಕ ಯಾವುದು?" ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ಹಂಸಾ!" ಅಂತ ಕೂಗುತ್ತಿತ್ತು. "ಅಲ್ಲ" ಅಂದರೆ ಅಷ್ಟೇ ಭಕ್ತಿಯಿಂದ "ಗುಲಾಬೀ!" ಅನ್ನುತ್ತಿತ್ತು.

ನಾಗಸಂದ್ರ ದಾಟಿದ ಮೇಲೆ ತುಮಕೂರು ರಸ್ತೆಯಿಂದ ಎಡಕ್ಕೆ ಇಳಿದರೆ ಕೋಡಿಪಾಳ್ಯ. ಪೀಣ್ಯದ ಕಾರ್ಖಾನೆಗಳು ತೆವಳಿಕೊಂಡು ಊರಿನ ಬೇಲಿಯವರೆಗೂ ಬಂದಿದ್ದ ಕಾಲ ಅದು. ರಾಗಿ ಹೊಲಗಳ ಮಧ್ಯೆ ಶೀಟಿನ ಶೆಡ್ಡುಗಳು ಎದ್ದಿದ್ದವು. ಶಾಲೆಯ ಬೆನ್ನಿಗೇ ಒಂದು ಪ್ರೆಸ್ ಮಿಷನ್ ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಅಂತ ತಗಡು ಕುಟ್ಟುತ್ತಿತ್ತು. ಮಕ್ಕಳು ಮಗ್ಗಿ ಹೇಳುತ್ತಿದ್ದುದು ಆ ತಾಳಕ್ಕೇ. ಕರೆಂಟು ಹೋಗಿ ಮಿಷನ್ ನಿಂತರೆ ಮಗ್ಗಿಯೂ ಅರ್ಧಕ್ಕೆ ನಿಂತುಬಿಡುತ್ತಿತ್ತು.

ಅನುಸೂಯಮ್ಮ ಗುಬ್ಬಿ ಕಡೆಯವಳು. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದ. ಅವನಿಗೆ ಹತ್ತಿರವಾಗುವ ಈ ಶಾಲೆಗೆ ವರ್ಗ ಮಾಡಿಸಿಕೊಳ್ಳುವಷ್ಟರಲ್ಲಿ ಅವಳ ಚಪ್ಪಲಿ ಸವೆದಿತ್ತು. ಆದ್ದರಿಂದ ಊರಿನಲ್ಲಿ ಯಾರ ತಂಟೆಗೂ ಹೋಗಬಾರದು, ತಲೆ ತಗ್ಗಿಸಿಕೊಂಡು ಬಂದು ತಲೆ ತಗ್ಗಿಸಿಕೊಂಡು ಹೋಗಬೇಕು ಅಂತ ಅವಳು ತೀರ್ಮಾನಿಸಿಕೊಂಡಿದ್ದಳು. ಆದರೆ ತಲೆ ತಗ್ಗಿಸಿದವರಿಗೂ ಕಾಣುವ ಹಾಗೆ ಗೋಡೆಯ ಬುಡದಲ್ಲೇ ಬರೆದಿದ್ದರೆ ಏನು ಮಾಡುವುದು?

ಮಂಡಲ ಪಂಚಾಯ್ತಿ ಚುನಾವಣೆ ಬಂದ ಜನವರಿ ಅದು. ಬಸ್ ಸ್ಟಾಪಿನಿಂದ ಶಾಲೆಯವರೆಗೆ ಒಂದು ಗೋಡೆಯೂ ಖಾಲಿ ಇರಲಿಲ್ಲ. ನೀಲಿ ಅಕ್ಷರದಲ್ಲಿ, ಕೆಂಪು ಅಂಚು ಕೊಟ್ಟು ಬರೆದಿತ್ತು: ‘ಸರಳ, ಸಜ್ಜನ, ಮೃದುಭಾಷಿಣಿ, ಸದ್ಗೃಹಿಣಿ, ಶ್ರೀ ವೆಂಕಟಪ್ಪನವರ ಧರ್ಮಪತ್ನಿ ಶ್ರೀಮತಿ ಭದ್ರಮ್ಮನವರಿಗೆ ನಿಮ್ಮ ಅಮೂಲ್ಯ ಮತ. ಗುರುತು: ತಕ್ಕಡಿ.’ ಒಂದು ವಾರದಿಂದ ಅದನ್ನು ದಾಟಿಕೊಂಡು ಹೋಗುತ್ತಿದ್ದ ಅನುಸೂಯಮ್ಮ ಆವತ್ತು ಗಕ್ಕನೆ ನಿಂತಳು. ಇಷ್ಟೊಂದು ಗುಣವಾಚಕಗಳು ಸಾಲಾಗಿ ನಿಂತಿದ್ದನ್ನು ಅವಳು ವ್ಯಾಕರಣ ಪುಸ್ತಕದಲ್ಲೂ ನೋಡಿರಲಿಲ್ಲ.

ಹತ್ತು ಗಂಟೆಗೆ ಹಾಜರಿ ಮುಗಿಸಿ, "ಎಲ್ಲರೂ ಸ್ಲೇಟು ತಗೊಳ್ಳಿ, ಹೊರಗಡೆ ಹೋಗೋಣ" ಅಂದಳು. ಹೊರಗಡೆ ಅಂದಿದ್ದೇ ತಡ, ಕ್ಲಾಸು ಅವಳಿಗಿಂತ ಮುಂಚೆ ಬೀದಿಯಲ್ಲಿತ್ತು.

"ನೋಡಿ, ಭದ್ರಮ್ಮ ಅನ್ನೋದು ಹೆಸರು. ಎಂಥ ಭದ್ರಮ್ಮ ಅಂತ ಕೇಳಿ. ಅದಕ್ಕೆ ಉತ್ತರ ಕೊಡೋ ಮಾತು ಯಾವುದೋ ಅದೇ ಗುಣವಾಚಕ."

ರಾಮಾಂಜಿನಪ್ಪ ಅನ್ನುವ ಹುಡುಗ, ಕ್ಲಾಸಿನಲ್ಲಿ ರಾಮಾಂಜಿ, ಗೋಡೆಗೆ ಮೂಗು ತಾಗಿಸಿ ಒಂದೊಂದೇ ಅಕ್ಷರ ಕಿತ್ತ. "ಎಂಥ ಭದ್ರಮ್ಮ? ಮೃ... ದು... ಭಾ... ಷಿ... ಣಿ. ಅಂಗಂದ್ರೇನು ಮಿಸ್?"

"ಮೆತ್ತಗೆ ಮಾತಾಡೋರು ಅಂತ."

ರಾಮಾಂಜಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಅವನ ಹಿಂದೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕೋಡಿಪಾಳ್ಯದಲ್ಲಿ ಹೊತ್ತು ಗೊತ್ತಾಗುತ್ತಿದ್ದುದು ಕಾರ್ಖಾನೆಯ ಸೈರನ್ನಿನಿಂದ ಮತ್ತು ಭದ್ರಮ್ಮನಿಂದ. ಅವಳು ಕೆರೆ ಏರಿಯ ಮೇಲೆ ನಿಂತು ಎಮ್ಮೆಗಳನ್ನು ಕೂಗಿದರೆ ತುಮಕೂರು ರಸ್ತೆಯಲ್ಲಿ ಬಸ್ಸಿನ ಡ್ರೈವರು, ಯಾರೋ ಹತ್ತುವವರಿದ್ದಾರೆ ಅಂದುಕೊಂಡು ಬ್ರೇಕ್ ಹಾಕಿದ್ದುಂಟು.

ಮಕ್ಕಳು ನಗುತ್ತಿರುವಾಗ ಮರಿಯಮ್ಮ ಮುಂದಿನ ಗೋಡೆಗೆ ಹೋಗಿದ್ದಳು. ಶೀಟಿನ ಮನೆಗಳ ಸಾಲಿನ ಹುಡುಗಿ ಅವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಓದುವುದರಲ್ಲಿ ಮಾತ್ರ ಎಲ್ಲರಿಗಿಂತ ಚುರುಕು. "ಮಿಸ್, ಇಲ್ಲೂ ಅದೇ ಇದೆ. ಸರಳ, ಸಜ್ಜನ, ಮೃದುಭಾಷಿಣಿ. ಹೆಸರು ಮಾತ್ರ ವಸಂತಮ್ಮ. ಗುರುತು ಸೈಕಲ್ಲು."

ನಿಜ. ವಸಂತಮ್ಮ ಎದುರು ಪಾರ್ಟಿಯ ಅಭ್ಯರ್ಥಿ, ಕೃಷ್ಣಪ್ಪನ ಹೆಂಡತಿ. ಆ ಗೋಡೆಯ ಕೊನೆಯಲ್ಲಿ ಏಣಿ ಹತ್ತಿ ಇನ್ನೊಂದು ಸಜ್ಜನಕ್ಕೆ ಒತ್ತಕ್ಷರ ಕೊಡುತ್ತಿದ್ದವನು ನಾಗಸಂದ್ರದ ಪೇಂಟರ್ ಶ್ಯಾಮಣ್ಣ. ಅನುಸೂಯಮ್ಮ ಕೇಳಿದ್ದಕ್ಕೆ ಅವನು ಬ್ರಷ್ಷು ಬಾಯಲ್ಲಿ ಕಚ್ಚಿಕೊಂಡೇ ಹೇಳಿದ: "ಲೇಡೀಸಿಗೆ ನನ್ನತ್ರ ಇರೋದು ಇಷ್ಟೇ ಮೇಡಂ. ಗಂಡಸರಾದ್ರೆ ಬೇರೆ ಸೆಟ್ಟಿದೆ. ಧೀರ, ಧೀಮಂತ, ಬಡವರ ಕಣ್ಮಣಿ."

"ಇಬ್ರಿಗೂ ಒಂದೇ ಬರೆದ್ರೆ ಯಾರು ಎಂಥೋರು ಅಂತ ಗೊತ್ತಾಗೋದು ಹೆಂಗೆ ಮಿಸ್?" ಅಂತ ಮರಿಯಮ್ಮ ಕೇಳಿದಳು.

ಉತ್ತರ ಇಲ್ಲದಾಗ ಟೀಚರುಗಳು ಮಾಡುವುದನ್ನೇ ಅನುಸೂಯಮ್ಮನೂ ಮಾಡಿದಳು, ಹೋಂವರ್ಕ್ ಕೊಟ್ಟಳು. "ನಾಳೆ ಒಬ್ಬೊಬ್ಬರೂ ನಿಮ್ಮ ಕಣ್ಣಾರೆ ಕಂಡ ಒಂದೊಂದು ಗುಣವಾಚಕ ಬರ್ಕೊಂಡು ಬನ್ನಿ." ಅವಳ ಮನಸ್ಸಿನಲ್ಲಿದ್ದುದು ಮನೆಯ ಹಸು, ನೀರಿನ ಬಿಂದಿಗೆ, ಇಂಥವು. ಮಕ್ಕಳು ಅದನ್ನು ಹಾಗೆ ತಿಳಿದುಕೊಳ್ಳಲಿಲ್ಲ.

ಸಾಯಂಕಾಲ ಶಾಲೆ ಬಿಟ್ಟ ತಕ್ಷಣ ಅಷ್ಟೂ ಜನ ಭದ್ರಮ್ಮನ ಹಿತ್ತಲಿಗೆ ನುಗ್ಗಿದರು. ಆಕೆ ಬೆರಣಿ ತಟ್ಟುತ್ತಿದ್ದಳು. ಮೊಣಕೈವರೆಗೂ ಸಗಣಿ, ಮೂಗಿನಲ್ಲಿ ಫಳಫಳಿಸುವ ದೊಡ್ಡ ನತ್ತು. ಈ ಸೀಟು ಹೆಂಗಸರಿಗೆ ಮೀಸಲು ಅಂತ ಆಗುವವರೆಗೆ ಚುನಾವಣೆಗೆ ನಿಲ್ಲಬೇಕಾಗಿದ್ದವನು ಆಕೆಯ ಗಂಡ ವೆಂಕಟಪ್ಪ. ಹೊಲದಲ್ಲಿ ಶೆಡ್ಡು ಕಟ್ಟಿಸಿ ಕಾರ್ಖಾನೆಗಳಿಗೆ ಬಾಡಿಗೆಗೆ ಬಿಟ್ಟಿದ್ದ ದೊಡ್ಡ ಕುಳ. ಮೆರವಣಿಗೆಗೆ ಅಂತ ಬಿಳಿ ಜುಬ್ಬ ಕೂಡ ಹೊಲಿಸಿಟ್ಟಿದ್ದ. ಮೀಸಲಾತಿ ಬಂದಾಗ ಜುಬ್ಬ ಹಾಗೇ ಇರಲಿ ಅಂತ ನಾಮಪತ್ರಕ್ಕೆ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿದ. ತನ್ನನ್ನು ನಿಲ್ಲಿಸಿರುವುದು ಭದ್ರಮ್ಮನಿಗೆ ಗೊತ್ತಿತ್ತು. ಗೋಡೆಯ ಮೇಲೆ ಏನಿದೆ ಅನ್ನುವುದು ಗೊತ್ತಿರಲಿಲ್ಲ. ಆಕೆಗೆ ಓದು ಬರುತ್ತಿರಲಿಲ್ಲ.

"ದೊಡ್ಡಮ್ಮ, ನೀವು ಎಂಥೋರು?" ಅಂದ ರಾಮಾಂಜಿ.

"ಏನ್ಲಾ ಅಂಗಂದ್ರೆ?"

"ಗೋಡೆ ಮ್ಯಾಲೆ ಬರ್ದವ್ರೆ. ಮೃದುಭಾಷಿಣಿ ಅಂತ. ಮೆತ್ತಗೆ ಮಾತಾಡೋರು ಅಂತೆ."

"ಮೆತ್ತಗೆ? ನಾನಾ?" ಭದ್ರಮ್ಮ ಎದ್ದು ನಿಂತಳು. "ಯಾವನ್ಲಾ ಅವ್ನು ಬರ್ದಿದ್ದು?" ಆ ಪ್ರಶ್ನೆ ಊರ ಬಾಗಿಲಿನ ಬೀಡಿ ಅಂಗಡಿಯವರೆಗೂ ಕೇಳಿಸಿ, ಅಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಗಣಿ ಕೈಯಲ್ಲೇ ಆಕೆ ಗೋಡೆಯ ಹತ್ತಿರ ಬಂದಳು. ಮರಿಯಮ್ಮನ ಕೈಲಿ ಮೊದಲಿಂದ ಓದಿಸಿದಳು.

"ಸರಳ ಅಂದ್ರೆ ಸಾದಾ ಇರೋರು, ದೊಡ್ಡಮ್ಮ."

"ಈ ನತ್ತು ಕಾಣಾಕಿಲ್ವಂತಾ ಅವ್ನಿಗೆ? ಮುಂದಕ್ಕೆ ಓದು."

"ಸದ್ಗೃಹಿಣಿ. ಮನೇಲಿ ಒಳ್ಳೆಯವರಾಗಿ ಇರೋ ಹೆಂಗಸು."

"ಮನೇಲಿ ಇರೋಳಾಗಿದ್ರೆ ಎಲೆಕ್ಸನ್‌ಗೆ ಯಾಕ್ ನಿಲ್ಲಿಸ್ತಿದ್ರು? ಇದೇನು ಇಷ್ಟು ದಪ್ಪಕ್ಕೆ ಬರ್ದವ್ನೆ?"

"ಅದು ಶ್ರೀ ವೆಂಕಟಪ್ಪನವರ ಧರ್ಮಪತ್ನಿ."

"ನನ್ನ ಹೆಸರು ಎಲ್ಲದೆ?"

ಮರಿಯಮ್ಮ ಬೆರಳು ತೋರಿಸಿದಳು. ಅದು ಗಂಡನ ಹೆಸರಿನ ಕೆಳಗೆ, ಅವನ ಹೆಸರಿನ ಅರ್ಧ ಗಾತ್ರದಲ್ಲಿ, ಚರಂಡಿಗೆ ಸಮೀಪವಾಗಿ ಇತ್ತು. ಭದ್ರಮ್ಮ ಬಗ್ಗಿ ಅದನ್ನು ನೋಡಿದಳು. "ಎಂಡ್ತಿ ಅನ್ನೋದೂ ಗುಣವಾ?" ಅಂತ ಕೇಳಿದಳು.

ರಾಮಾಂಜಿಗೆ ಅನುಮಾನ. "ಮಿಸ್ಸನ್ನ ಕೇಳ್ಬೇಕು."

ಮಾರನೆಯ ಬೆಳಗ್ಗೆ ಅನುಸೂಯಮ್ಮ ಕ್ಲಾಸಿಗೆ ಬಂದರೆ ಮುಂದಿನ ಮಣೆಯ ಮೇಲೆ ಮಕ್ಕಳ ಜೊತೆ ಭದ್ರಮ್ಮ ಕೂತಿದ್ದಳು. "ಮೇಷ್ಟ್ರಮ್ಮ, ಎಂಡ್ತಿ ಅನ್ನೋದು ಗುಣವಾ?"

ಹೌದು ಅಂದುಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತು ಮಕ್ಕಳು ಸ್ಲೇಟು ಹಿಡಿದುಕೊಂಡು ಬರೆದುಕೊಳ್ಳಲು ತಯಾರಾಗಿದ್ದರು. ತಪ್ಪು ಹೇಳಿದರೆ ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ.

"ಅಲ್ಲಮ್ಮ. ಅದು ಸಂಬಂಧ. ನಾಮಪದಕ್ಕೆ ಸೇರುತ್ತೆ."

"ಅಂಗಾರೆ ಅದು ಅಲ್ಲಿಂದ ಓಗ್ಲಿ." ಭದ್ರಮ್ಮ ಮಕ್ಕಳ ಕಡೆ ತಿರುಗಿದಳು. "ಈಗ ನೀವೇಳ್ರಪ್ಪ, ನಾನು ಎಂಥೋಳು? ಎದ್ರುಬ್ಯಾಡಿ."

ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು: "ಗಟ್ಟಿ ಬಾಯಿ ಭದ್ರಮ್ಮ." ಭದ್ರಮ್ಮ ತಲೆ ಆಡಿಸಿದ್ದೇ ತಡ, ಕಟ್ಟೆ ಒಡೆಯಿತು.

"ಸೌತೆಕಾಯಿ ಕದ್ರೆ ಅಟ್ಟಿಸ್ಕೊಂಡ್ ಬರೋ ಭದ್ರಮ್ಮ!"

"ಗೊರಕೆ ಹೊಡಿಯೋ ಭದ್ರಮ್ಮ!"

"ಅದು ಸುಳ್ಳು" ಅಂದಳು ಭದ್ರಮ್ಮ.

"ಇಲ್ಲ ದೊಡ್ಡಮ್ಮ, ನಮ್ಮನೆಗೇ ಕೇಳ್ಸುತ್ತೆ."

"ಸರಿ, ಬರ್ಕೋ."

"ಲಾರಿ ಕೀಲಿ ಕಿತ್ಕೊಂಡ ಭದ್ರಮ್ಮ!" ಅಂತ ರಾಮಾಂಜಿ ಎದ್ದು ನಿಂತು ಕೂಗಿದ. ಇದು ಇಡೀ ಊರಿಗೆ ಗೊತ್ತಿದ್ದ ಸಂಗತಿ. ಹಿಂದಿನ ಬೇಸಿಗೆಯಲ್ಲಿ ಯಾವುದೋ ಶೆಡ್ಡಿನ ಲಾರಿ ಹಸಿರು ನೀರು ತಂದು ಕೆರೆಯ ಕಾಲುವೆಗೆ ಸುರಿಯುತ್ತಿತ್ತು. ಎಮ್ಮೆಗಳು ಕುಡಿದು ಕಾಯಿಲೆ ಬಿದ್ದವು. ಗಂಡಸರು ಸೇರಿ ಅರ್ಜಿ ಬರೆಯೋಣವೇ ಬೇಡವೇ ಅಂತ ಮಾತಾಡುತ್ತಿರುವಾಗ ಭದ್ರಮ್ಮ ಲಾರಿ ಹತ್ತಿ, ಡ್ರೈವರನ ಎದುರಿಗೇ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗಿದ್ದಳು. ಲಾರಿ ಅಲ್ಲೇ ನಿಂತಿತು. ಲಾರಿ ಮಾಲೀಕ ಬಂದು ಕೈಮುಗಿದ ಮೇಲೆಯೇ ಕೀಲಿ ಹೊರಗೆ ಬಂದದ್ದು. ಆ ಶೆಡ್ಡು ವೆಂಕಟಪ್ಪ ಬಾಡಿಗೆಗೆ ಬಿಟ್ಟಿದ್ದೇ ಅನ್ನುವುದು ಅಷ್ಟರಲ್ಲಿ ಗೊತ್ತಾಗಿತ್ತು. ಆಗಲೂ ಆಕೆ ಕೀಲಿ ಕೊಟ್ಟಿದ್ದು ಸಾವಕಾಶವಾಗಿಯೇ.

ಮರಿಯಮ್ಮ ಕೊನೆಗೆ ಎದ್ದಳು. "ನಮ್ಮಮ್ಮಂಗೆ ಪಾಪು ಬರೋ ನೋವು ಬಂದಾಗ ಟೆಂಪೋಗೆ ಅಡ್ಡ ನಿಂತ್ಕೊಂಡ ಭದ್ರಮ್ಮ."

ಭದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಟೆಂಪೋದವ್ನು ಕುಡ್ದಿದ್ದ ಕಣವ್ವ. ಬೈದೂ ಬೈದೂ ಆಸ್ಪತ್ರೆವರ್ಗೂ ಎಚ್ಚರವಾಗಿ ಇಟ್ಟಿದ್ದೆ ಅವ್ನನ್ನ."

ಗದ್ದಲ ಕೇಳಿ ಹೆಡ್ ಮೇಷ್ಟ್ರು ನರಸಿಂಹಯ್ಯ ಓಡಿಬಂದರು. ನಿವೃತ್ತಿಗೆ ಹತ್ತಿರವಾಗಿದ್ದ ಅವರಿಗೆ ಎರಡೇ ಆಸೆಗಳಿದ್ದವು: ತಕರಾರಿಲ್ಲದೆ ಮನೆಗೆ ಹೋಗುವುದು, ಅದಕ್ಕೆ ಮುಂಚೆ ಶಾಲೆಯ ಸೋರುವ ಸೂರಿಗೆ ವೆಂಕಟಪ್ಪ ಕೊಡುತ್ತೇನೆಂದ ಹೊಸ ಶೀಟು ಹಾಕಿಸುವುದು. ಅನುಸೂಯಮ್ಮ ಬೋರ್ಡಿನ ಮೇಲೆ ಬರೆದಿದ್ದನ್ನು ಓದಿ ಅವರು ತಲೆ ಚಚ್ಚಿಕೊಂಡರು. "ಅನುಸೂಯಮ್ಮನೋರೇ, ‘ಕಿತ್ಕೊಂಡ’, ‘ನಿಂತ್ಕೊಂಡ’, ಇವೆಲ್ಲ ಗುಣವಾಚಕ ಅಲ್ಲ ಕಣ್ರೀ! ಕ್ರಿಯೆಯಿಂದ ಹುಟ್ಟಿದ ಕೃದಂತ, ಕೃದಂತ!"

"ಅದೇನೋ ದಂತ ಗಿಂತ ನಿಮ್ಮ ಬಾಯಾಗೇ ಇರ್ಲಿ ಸ್ವಾಮಿ" ಅಂದಳು ಭದ್ರಮ್ಮ. "ಐಕ್ಳು ನೋಡಿದ್ದು ಯೋಳ್ತಾವೆ."

ಆವತ್ತು ಮಧ್ಯಾಹ್ನವೇ ಆಕೆ ಶ್ಯಾಮಣ್ಣನನ್ನು ಹಿಡಿದು ತರಿಸಿದಳು. ಗೋಡೆಗೆ ಸುಣ್ಣ ಹೊಡೆಸಿದಳು. ಊಟದ ಬಿಡುವಿನಲ್ಲಿ ಬಂದ ಮಕ್ಕಳು ಹೇಳುತ್ತಾ ಹೋದರು, ಶ್ಯಾಮಣ್ಣ ಬೆವರುತ್ತಾ ಬರೆದ. ಗೊರಕೆ, ಸೌತೆಕಾಯಿ ಬಿಟ್ಟು ಉಳಿದದ್ದು ಇಷ್ಟು: ‘ಗಟ್ಟಿ ಬಾಯಿಯ, ಲಾರಿ ನಿಲ್ಲಿಸಿದ, ಯಾರಿಗೂ ಬಗ್ಗದ ಭದ್ರಮ್ಮನಿಗೆ ನಿಮ್ಮ ಮತ.’

"ಅಕ್ಕ, ಇಂಥಾದ್ದು ನಾನು ಜನ್ಮದಲ್ಲಿ ಬರೆದಿಲ್ಲ" ಅಂದ ಶ್ಯಾಮಣ್ಣ. "ಒಂದು ‘ಶ್ರೀಮತಿ’ ಆದ್ರೂ ಹಾಕ್ಲಾ?"

"ಬ್ಯಾಡ. ತಕ್ಕಡಿ ದಪ್ಪಗೆ ಬರಿ."

ಬಣ್ಣ ಒಣಗುವ ಮುಂಚೆ ವೆಂಕಟಪ್ಪನ ಬುಲೆಟ್ಟು ಮಾದನಾಯಕನಹಳ್ಳಿ ಕಡೆಯಿಂದ ಡಬಡಬ ಅಂತ ಬಂತು. ಅವನು ಗೋಡೆ ಓದಿದ. ಮತ್ತೊಮ್ಮೆ ಓದಿದ. ಸುತ್ತ ನೆರೆದಿದ್ದವರು ಅವನ ಮುಖವನ್ನೇ ನೋಡುತ್ತಿದ್ದರು.

"ನನ್ನ ಹೆಸರೆಲ್ಲಿ?"

"ಜಾಗ ಸಾಲ್ನಿಲ್ಲ" ಅಂದಳು ಭದ್ರಮ್ಮ.

ಯಾರೋ ಕಿಸಕ್ಕೆಂದರು. ಶೀಟಿನ ಮನೆಗಳ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಓಟು ಹಾಕುವ ಇಷ್ಟು ಜನರ ಎದುರಿಗೆ ಅಭ್ಯರ್ಥಿಯ ಮೇಲೆ ಕೂಗಾಡಿದರೆ ನಷ್ಟ ತನಗೇ ಅಂತ ವೆಂಕಟಪ್ಪನಿಗೂ ಹೊಳೆಯಿತು. ಅವನು ಬುಲೆಟ್ಟನ್ನು ನೇರ ಶಾಲೆಗೆ ತಿರುಗಿಸಿದ.

ಅನುಸೂಯಮ್ಮ ಬಾಗಿಲಲ್ಲೇ ಸಿಕ್ಕಳು. "ಏನ್ರೀ ಮೇಡಂ, ಸರ್ಕಾರ ನಿಮ್ಮನ್ನ ಪಾಠ ಹೇಳೋಕೆ ಕಳ್ಸಿದ್ಯೋ, ನಮ್ಮ ಸಂಸಾರ ಒಡೆಯೋಕೋ?"

"ಗೋಡೆ ಮೇಲೆ ನಾನೇನೂ ಬರೆದಿಲ್ಲ ಸಾರ್. ಇರೋದನ್ನ ಓದೋಕೆ ಹೇಳಿಕೊಟ್ಟೆ, ಅಷ್ಟೆ."

"ಅದೇ ತಪ್ಪು. ಗೋಡೆ ಬರೆಸೋದು ಓದೋಕಲ್ಲ. ನೋಡೋಕೆ." ಮನೆಗೆ ಹೊಸ ಹೆಂಚು ಹಾಕಿಸಿದ ಮೇಲೆ ದಾರಿಹೋಕರು ನೋಡುವುದಿಲ್ಲವೇ, ಹಾಗೆ. ಅವನು ಅದನ್ನು ಪ್ರಾಮಾಣಿಕವಾಗಿಯೇ ಹೇಳಿದ. "ಈ ಎಲೆಕ್ಷನ್ ಮುಗೀಲಿ, ನಿಮಗೂ ಒಂದು ದಾರಿ ಕಾಣಿಸ್ತೀನಿ."

ಆ ಸಂಜೆ ಅನುಸೂಯಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ಶಿಫ್ಟಿನ ಸುಸ್ತಿನಲ್ಲಿ ಅದನ್ನು ಗಮನಿಸದೆ ಉಂಡ.

ಈ ನಡುವೆ ಕೃಷ್ಣಪ್ಪನ ಹೆಂಡತಿ ವಸಂತಮ್ಮ ಮಕ್ಕಳನ್ನು ಹಿತ್ತಲ ಬಾಗಿಲಿಗೆ ಕರೆದು, ಎಲ್ಲರ ಕೈಗೂ ಒಂದೊಂದು ಚೂರು ಬೆಲ್ಲ ಇಟ್ಟು, "ನಾನು ಎಂಥೋಳು?" ಅಂತ ಪಿಸುಗುಟ್ಟಿದಳಂತೆ. ಮಕ್ಕಳು ಬೆಲ್ಲ ಚೀಪುತ್ತಾ ಬಹಳ ಯೋಚಿಸಿ, ಆ ಗೋಡೆಯಲ್ಲಿ ತಪ್ಪೇನೂ ಇಲ್ಲ, ಇವರು ನಿಜವಾಗಿಯೂ ಮೃದುಭಾಷಿಣಿಯೇ ಅಂತ ತೀರ್ಪು ಕೊಟ್ಟರು. ವಸಂತಮ್ಮ ಸಮಾಧಾನದಿಂದ ಒಳಗೆ ಹೋದಳು. ಅವಳ ಗೋಡೆ ಹಾಗೇ ಉಳಿಯಿತು.

ಚುನಾವಣೆಯಲ್ಲಿ ಭದ್ರಮ್ಮ ಗೆದ್ದಳು. ಗೋಡೆಯಿಂದ ಗೆದ್ದಳೋ, ಗಂಡನ ಶೆಡ್ಡುಗಳಿಂದ ಗೆದ್ದಳೋ, ಬೀಡಿ ಅಂಗಡಿಯ ಮುಂದೆ ಇನ್ನೂ ಚರ್ಚೆಯಿದೆ. ವೆಂಕಟಪ್ಪ ಬಿಳಿ ಜುಬ್ಬ ಹಾಕಿಕೊಂಡು ಮೆರವಣಿಗೆಯಲ್ಲಿ ಹಾರಕ್ಕೆ ಕೊರಳು ಚಾಚಿದ. ಆದರೆ ತಮಟೆಯವರು ಭದ್ರಮ್ಮನ ಮುಂದೆ ಕುಣಿಯುತ್ತಿದ್ದರು, ಹಾರವೂ ಆ ಕಡೆಗೇ ಹೋಯಿತು.

ಮೆರವಣಿಗೆಯ ಹೂವು ಬಾಡುವಷ್ಟರಲ್ಲಿ ಅನುಸೂಯಮ್ಮನಿಗೆ ವರ್ಗದ ಆರ್ಡರು ಬಂತು. ಮಾರತ್ತಹಳ್ಳಿ ಆಚೆ ಒಂದು ಹಳ್ಳಿ. ಬೆಂಗಳೂರಿನ ಈ ತುದಿಯಿಂದ ಆ ತುದಿ. ಮೂರು ಬಸ್ಸು ಬದಲಿಸಿ, ಇಳಿದ ಮೇಲೆ ಹೊಲದ ಬದುವಿನ ಮೇಲೆ ನಡೆಯಬೇಕು. ನರಸಿಂಹಯ್ಯ ಆರ್ಡರನ್ನು ಕೈಗೆ ಕೊಟ್ಟು, "ನಾನು ಹೇಳ್ಲಿಲ್ವೇನಮ್ಮ, ಕೃದಂತ ಅಂತ" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಅವಳು ಕ್ಲಾಸಿಗೆ ಬಂದು ಲೆಕ್ಕ ಕೊಟ್ಟು, ಬೋರ್ಡಿನ ಕಡೆ ತಿರುಗಿಕೊಂಡೇ ನಿಂತಳು. ಬೇಡ ಬೇಡ ಅಂದುಕೊಂಡೇ ಇಷ್ಟೆಲ್ಲ ಮಾಡಿಕೊಂಡೆನಲ್ಲ ಅಂತ ಸಿಟ್ಟು ಬಂತು. ಎಂಥ ಪಾಠ ಆಗಿತ್ತು ಅದು ಅಂತ ನೆನೆದು ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಅವಳಿಗೆ ಬಿಕ್ಕಳಿಕೆ ಹತ್ತಿತು.

ಮಿಸ್ ಯಾಕೆ ಬಿಕ್ಕುತ್ತಿದ್ದಾರೆ ಅಂತ ಮರಿಯಮ್ಮ ಮೇಜಿನ ಮೇಲಿನ ಕಾಗದ ಓದಿ ತಿಳಿದುಕೊಂಡಳು. ಸಂಜೆ ಹೊತ್ತಿಗೆ ಭದ್ರಮ್ಮನಿಗೂ ತಿಳಿಯಿತು.

ಇನ್ನೇನು ಸಿಡಿಲು ಬೀಳುತ್ತದೆ ಅಂತ ಅಕ್ಕಪಕ್ಕದವರು ಕಿವಿಗೊಟ್ಟು ಕಾದರು. ಬೀಳಲಿಲ್ಲ. ಭದ್ರಮ್ಮ ಗಂಡನ ಮುಂದೆ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಒಂದು ಮಾತೂ ಆಡಲಿಲ್ಲ. ಮಾರನೆಯ ದಿನವೂ ಆಡಲಿಲ್ಲ. ಎಮ್ಮೆಯನ್ನೂ ಕೂಗಲಿಲ್ಲ, ಎಮ್ಮೆಗಳು ಕೆರೆ ಏರಿಯ ಮೇಲೆ ಗೊಂದಲದಲ್ಲಿ ನಿಂತಿದ್ದವು. ಬೈಗುಳಕ್ಕೆ ವೆಂಕಟಪ್ಪ ಒಗ್ಗಿಹೋಗಿದ್ದ. ಮಳೆಯಲ್ಲಿ ಮಲಗುವವನ ಹಾಗೆ ಅದರಲ್ಲೇ ನಿದ್ದೆ ಮಾಡುತ್ತಿದ್ದ. ಈ ನಿಶ್ಶಬ್ದ ಅವನಿಗೆ ಹೊಸದು. "ಮೈಗೆ ಹುಷಾರಿಲ್ವಾ?" ಅಂತ ಕೇಳಿದ. ಉತ್ತರವಿಲ್ಲ. "ಏನಾದ್ರೂ ಬಯ್ಯೇ" ಅಂದ. ಇಲ್ಲ. ಒಂದು ವಾರ ತಡೆದುಕೊಂಡ. ಆಮೇಲೆ ಬೆಳಗ್ಗೆ ಎದ್ದವನೇ ಜುಬ್ಬ ಹಾಕಿಕೊಂಡು ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿ, ತಾನೇ ಮಾಡಿಸಿದ ವರ್ಗವನ್ನು ರದ್ದು ಮಾಡಿಸಲು ಸಾಯಂಕಾಲದವರೆಗೆ ಬೆಂಚಿನ ಮೇಲೆ ಕೂತ. ಮಾಡಿಸುವಾಗ ಒಳಗೆ ಕರೆದು ಕಾಫಿ ಕೊಟ್ಟಿದ್ದ ಗುಮಾಸ್ತ ಈಗ, "ಯಾರ್ರೀ ನೀವು? ಮೆಂಬರಾ?" ಅಂತ ಕೇಳಿದ. "ಮೆಂಬರ್ ನನ್ನ ಎಂಡ್ತಿ" ಅಂತ ಅವನು ಹೇಳಬೇಕಾಯಿತು.

ರದ್ದಾದ ಆರ್ಡರನ್ನು ಅವನೇ ಶಾಲೆಗೆ ತಂದುಕೊಟ್ಟ. ಬಾಗಿಲಲ್ಲಿ ಅವನನ್ನು ಕಂಡು ಮಕ್ಕಳು ಎದ್ದು ನಿಂತು, "ನಮಸ್ತೇ ಸಾರ್" ಅಂತ ರಾಗ ಎಳೆದರು. ಅನುಸೂಯಮ್ಮ ಕಾಗದ ಓದಿದಳು. ಮಡಿಚಿ ಹಾಜರಿ ಪುಸ್ತಕದೊಳಗೆ ಇಟ್ಟಳು. "ತುಂಬ ಉಪಕಾರ ಆಯ್ತು ಸಾರ್."

"ಇರ್ಲಿ ಬಿಡಿ." ವೆಂಕಟಪ್ಪ ಹೋಗಲಿಲ್ಲ. ಮೂಲೆಯ ಗಡಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದ. ಮಕ್ಕಳ ಕಡೆ ಒಮ್ಮೆ ನೋಡಿ, ಅವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ. "ಅಲ್ಲ ಮೇಡಂ... ಈ ಐಕ್ಳು ನನ್ನ ಬಗ್ಗೆ ಏನಾದ್ರೂ ಬರ್ದಿದ್ವಾ?"

ಅನುಸೂಯಮ್ಮ ಯೋಚಿಸಿದಳು. ಹಸುವಿನ ಬಗ್ಗೆ ಬರೆದಿದ್ದರು, ಬಸ್ಸಿನ ಬಗ್ಗೆ ಬರೆದಿದ್ದರು, ಹೆಡ್ ಮೇಷ್ಟ್ರ ಛತ್ರಿಯ ಬಗ್ಗೆಯೂ ಬರೆದಿದ್ದರು. "ಇಲ್ಲ ಸಾರ್. ಏನೂ ಬರೆದಿಲ್ಲ."

"ಒಳ್ಳೇದಾಯ್ತು" ಅಂದ ವೆಂಕಟಪ್ಪ. ಮೆಟ್ಟಿಲು ಇಳಿದವನು ಮತ್ತೆ ನಿಂತ. "ಕೆಟ್ಟದ್ದೂ ಇಲ್ವಾ?"

"ಇಲ್ಲ ಸಾರ್."

ಅವನು ಬುಲೆಟ್ಟು ಹತ್ತಿದ. ಕಿಕ್ ಹೊಡೆದ. ಅದು ಮೂರು ಸಲಕ್ಕೂ ಸ್ಟಾರ್ಟ್ ಆಗಲಿಲ್ಲ. ಕಿಟಕಿಯಲ್ಲಿ ಮೂವತ್ತು ಮುಖಗಳು ಅದನ್ನೇ ನೋಡುತ್ತಿದ್ದವು. ರಾಮಾಂಜಿ ಬಳಪಕ್ಕೆ ಕೈ ಹಾಕಿದ್ದ.